ಬೈಕಂಪಾಡಿಯಲ್ಲಿ ನಮ್ಮ ಎಐ ರೋಬೋಟ್‌ಗೆ ಬೇಲಿ ಹಾಕಿದ್ದು

ಮಂಗಳೂರಿನ ಬೈಕಂಪಾಡಿಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ನಾನು ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಎಕ್ಸ್‌ಪೋರ್ಟ್ ಪೆಟ್ಟಿಗೆಯೊಳಗೆ 11.34 ಕಿಲೋದ ಎರಡು ಟಿನ್ ಇರುತ್ತವೆ. ಇಡೀ ದಿನ ಅದನ್ನು ಎತ್ತಿ ಪೇರಿಸಿದರೆ ಸೊಂಟ ಉಳಿಯುವುದಿಲ್ಲ. ಆ ಕೆಲಸಕ್ಕೆ ರೋಬೋಟ್ ಬಂತು. ಪೆಟ್ಟಿಗೆ ಎಲ್ಲಿದೆ ಅಂತ ಕ್ಯಾಮೆರಾದಲ್ಲಿ ತಾನೇ ಗುರುತಿಸಿ ಎತ್ತುವಂಥದ್ದು.

"ಇದರಲ್ಲಿ ಎಐ ಉಂಟು, ಜನ ಬಂದರೆ ಅದಕ್ಕೇ ಗೊತ್ತಾಗ್ತದೆ. ಬೇಲಿ ಎಂತಕ್ಕೆ ಮಾರಾಯ್ರೆ?" ಅಂದರು ತಂದುಕೊಟ್ಟವರು. ನಾನು ಒಪ್ಪಲಿಲ್ಲ. 2023ರ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದಲ್ಲಿ ದೊಣ್ಣೆಮೆಣಸಿನ ಪೆಟ್ಟಿಗೆ ಎತ್ತುವ ರೋಬೋಟ್ ಒಂದು, ತನ್ನ ಸೆನ್ಸರ್ ಪರೀಕ್ಷಿಸಲು ಬಂದವನನ್ನೇ ಹಿಡಿದು ಒತ್ತಿ ಕೊಂದಿತ್ತು. ಮನುಷ್ಯನನ್ನು ಪೆಟ್ಟಿಗೆ ಅಂದುಕೊಂಡಿತು ಅಂತ ವರದಿಯಾಗಿತ್ತು.

ರೋಬೋಟ್ ತೋಳಿನ ಕರೆಂಟ್ ತೆಗೆದು, ಕ್ಯಾಮೆರಾ ಮಾತ್ರ ಆನ್ ಇಟ್ಟು ನೋಡಿದೆವು. ಖಾಕಿ ಏಪ್ರನ್ ಹಾಕಿದ್ದ ಪ್ಯಾಕಿಂಗಿನ ಅಕ್ಕ ಒಬ್ಬರು ಬಗ್ಗಿ ನಿಂತರು. ಸ್ಕ್ರೀನ್‌ನಲ್ಲಿ ಅವರ ಬೆನ್ನ ಸುತ್ತ ಹಸಿರು ಚೌಕ ಬಂತು. ಪೆಟ್ಟಿಗೆಗೆ ಬರುವ ಚೌಕ ಅದು! "ನಾನು ಪೆಟ್ಟಿಗೆ ಹಾಗೆ ಕಾಣ್ತೇನಾ ಸರ್?" ಅಂತ ಅವರು ನಕ್ಕರು. ವಾದ ಅಲ್ಲಿಗೆ ಮುಗಿಯಿತು.

ಏನನ್ನು ಎತ್ತಬೇಕು ಅನ್ನುವುದಷ್ಟೇ ಎಐ ಕೆಲಸ. ಯಾವಾಗ ನಿಲ್ಲಬೇಕು ಅನ್ನುವುದನ್ನು ಬೇರೆಯೇ ವೈರಿಂಗ್ ಇರುವ ಸೇಫ್ಟಿ ರಿಲೇಗೆ, ಅಂದರೆ ಅಪಾಯದ ಸಿಗ್ನಲ್ ಬಂದರೆ ತೋಳನ್ನು ನಿಲ್ಲಿಸುವ ಸ್ವಿಚ್‌ಗೆ ಬಿಟ್ಟೆವು. ಮೂರು ಕಡೆ ಜಾಲರಿ ಬೇಲಿ, ಪ್ಯಾಲೆಟ್ (ಪೆಟ್ಟಿಗೆ ಪೇರಿಸುವ ಹಲಗೆ) ಹೊರಗೆ ತೆಗೆಯುವ ಕಡೆ ಲೇಸರ್ ಸ್ಕ್ಯಾನರ್. ಸ್ಕ್ಯಾನರ್‌ಗೆ ಬಂದದ್ದು ಯಾರು, ಏನು ಅಂತ ಬೇಕಿಲ್ಲ. ಏನೇ ಅಡ್ಡ ಬರಲಿ, ತೋಳು ನಿಲ್ಲುತ್ತದೆ.

ಎಷ್ಟು ದೂರದಲ್ಲಿ ನಿಲ್ಲಿಸಬೇಕು? ಇದನ್ನು ಕಣ್ಣಂದಾಜಿನಲ್ಲಿ ಮಾಡಬೇಡಿ. ನಡೆದು ಬರುವವರ ವೇಗ ಸೆಕೆಂಡಿಗೆ 1,600 ಮಿಲಿಮೀಟರ್ ಅಂತ ಹಿಡಿಯಬೇಕು. ಪೂರ್ತಿ ಭಾರ, ಪೂರ್ತಿ ವೇಗದಲ್ಲಿ ಓಡಿಸಿ ಅಳೆದಾಗ, ಸ್ಕ್ಯಾನರ್ ಗುರುತಿಸಿದ ಮೇಲೆ ತೋಳು ನಿಲ್ಲಲು ಸುಮಾರು ಅರ್ಧ ಸೆಕೆಂಡ್ ಬೇಕಾಯಿತು. ಅಲ್ಲಿಗೆ 800 ಆಯಿತು. ನಮ್ಮ ಸ್ಕ್ಯಾನರ್ ನೆಲದಿಂದ 300 ಮಿಲಿಮೀಟರ್ ಎತ್ತರದಲ್ಲಿದೆ. ಅದಕ್ಕೆ ಕಾಣುವುದು ಕಾಲು. ಕೈ ಆಗಲೇ ಮುಂದೆ ಚಾಚಿರಬಹುದು ಅಲ್ವಾ? ಆ ಎತ್ತರಕ್ಕೆ ಇನ್ನೂ 1,080 ಸೇರಿಸಬೇಕು. ಒಟ್ಟು 1,880. ಸ್ಕ್ಯಾನರ್‌ನ ಅಳತೆ ವ್ಯತ್ಯಾಸವನ್ನೂ ಸೇರಿಸಿ ತೋಳು ತಲುಪುವ ತುದಿಯಿಂದ 2 ಮೀಟರ್‌ಗೆ ಹಳದಿ ಗೆರೆ ಎಳೆದೆವು. ಜಾಗ ಹೋಯಿತು ಅಂತ ಧಣಿಗಳಿಗೆ ಸ್ವಲ್ಪ ಬೇಜಾರು.

ನಮ್ಮೂರ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗದು. ತೋಳು ಪೆಟ್ಟಿಗೆಯನ್ನು ಹಿಡಿಯುವುದು ಗಾಳಿ ಹೀರುವ ವ್ಯಾಕ್ಯೂಮ್‌ನಿಂದ. ಕರೆಂಟ್ ಹೋದ ಕೂಡಲೇ ಆ ಹಿಡಿತ ಸಡಿಲವಾಗಿ ಪೆಟ್ಟಿಗೆ ಬೀಳಬಾರದು ಅಂತ, ಗಾಳಿ ವಾಪಸ್ ನುಗ್ಗದಂತೆ ತಡೆಯುವ ಚೆಕ್ ವಾಲ್ವ್, ವ್ಯಾಕ್ಯೂಮ್ ಉಳಿಸಿಕೊಳ್ಳುವ ಸಣ್ಣ ಟ್ಯಾಂಕ್ ಹಾಕಿಸಿದೆವು. ಕರೆಂಟ್ ಬಂದಾಗ ರೋಬೋಟ್ ತಾನಾಗಿ ಶುರುವಾಗುವುದಿಲ್ಲ. ರೀಸೆಟ್ ಬಟನ್ ಗೆರೆಯ ಹೊರಗಿದೆ. ಅಲ್ಲಿಂದ ಒಳಗಿನ ಮೂಲೆ ಮೂಲೆಯೂ ಕಾಣುತ್ತದೆ, ಒಳಗಿದ್ದವರ ಕೈಗೆ ಬಟನ್ ಸಿಗುವುದಿಲ್ಲ.

ಹೆಚ್ಚು ಕಾಟ ಕೊಟ್ಟದ್ದು ಗೇರುಬೀಜದ ಸಿಪ್ಪೆ ಪುಡಿ. ಕಡಲ ತೇವಕ್ಕೆ ಅದು ಸ್ಕ್ಯಾನರ್ ಗಾಜಿಗೆ ಅಂಟಿ, ರೋಬೋಟ್ ಸುಮ್‌ಸುಮ್ನೆ ನಿಲ್ಲುತ್ತಿತ್ತು. ಹೀಗೆ ಜಾಸ್ತಿ ಆದರೆ ಯಾರಾದರೂ ಸ್ಕ್ಯಾನರ್ ಲೆಕ್ಕಕ್ಕೇ ಬಾರದ ಹಾಗೆ ವೈರ್ ಬೈಪಾಸ್ ಮಾಡಿಬಿಡುತ್ತಾರೆ. ಬೈದು ಪ್ರಯೋಜನವಿಲ್ಲ, ನಿಲ್ಲುವ ಕಾರಣವನ್ನೇ ತೆಗೆಯಬೇಕು. ಈಗ ಪ್ರತಿ ಶಿಫ್ಟ್ ಶುರುವಿಗೆ ಗಾಜು ಒರೆಸುತ್ತೇವೆ. ಪ್ಯಾನೆಲ್ ಕೀಲಿ ಸೂಪರ್‌ವೈಸರ್ ಹತ್ತಿರ ಇರುತ್ತದೆ. ಒಳಗೆ ಹೋಗುವವರು ಮೇನ್ ಸ್ವಿಚ್ ಆಫ್ ಮಾಡಿ ತಮ್ಮದೇ ಬೀಗ ಹಾಕಿ, ಕೀಲಿ ಕಿಸೆಯಲ್ಲಿಟ್ಟುಕೊಳ್ಳಬೇಕು. ಸಿಕ್ಕಿಕೊಂಡ ಪ್ಲಾಸ್ಟಿಕ್ ಚೂರು ತೆಗೆಯುವುದಕ್ಕಾದರೂ ಅಷ್ಟೆ.