ಉಸಿರಿನ ಗ್ರಾಫ್ ಬರೆಯುವ ಎದೆಪಟ್ಟಿ

ಉಸಿರೆಳೆದಾಗ ಎದೆ ಹಿಗ್ಗುವುದನ್ನೂ ಬಿಟ್ಟಾಗ ಕುಗ್ಗುವುದನ್ನೂ ಲ್ಯಾಪ್‌ಟಾಪ್ ಪರದೆಯಲ್ಲಿ ಆಗಿಂದಾಗಲೇ ಗೆರೆಯಾಗಿ ನೋಡುವ ಆಸೆಯಿದ್ದರೆ ದೊಡ್ಡ ಖರ್ಚೇನೂ ಬೇಡ. ಆರ್ಡುಯಿನೊ ನ್ಯಾನೊ ಬೋರ್ಡ್ (ಪ್ರೋಗ್ರಾಮ್ ತುಂಬಬಹುದಾದ ಪುಟ್ಟ ಸರ್ಕ್ಯೂಟ್), ಒಂದು ರೆಸಿಸ್ಟರ್ (ವಿದ್ಯುತ್ತಿಗೆ ತಡೆಯೊಡ್ಡುವ ಬಿಡಿಭಾಗ), ವಿದ್ಯುತ್ ಹರಿಯುವ ರಬ್ಬರ್ ದಾರ, ನವಾರದ ಪಟ್ಟಿ, ವೆಲ್ಕ್ರೊ ಇದ್ದರಾಯಿತು. ಬೋರ್ಡು, ರೆಸಿಸ್ಟರ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸುಲಭವಾಗಿ ಸಿಗುತ್ತವೆ. ರಬ್ಬರ್ ದಾರವನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವುದೇ ಮೇಲು.

ಈ ದಾರ ಇಂಗಾಲ ಬೆರೆಸಿದ ರಬ್ಬರು. ಎಳೆದಷ್ಟೂ ಅದರ ರೆಸಿಸ್ಟೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಏರುತ್ತದೆ. 2 ಮಿ.ಮೀ. ದಪ್ಪದ ದಾರದಲ್ಲಿ 10 ಸೆಂ.ಮೀ. ಕತ್ತರಿಸಿ ಮಲ್ಟಿಮೀಟರ್ ಹಿಡಿದರೆ ಹೆಚ್ಚುಕಡಿಮೆ 1,500 ಓಮ್ ತೋರಿಸುತ್ತದೆ. ನಿಮ್ಮ ತುಂಡಿನದು ಎಷ್ಟೆಂದು ಮೊದಲು ಅಳೆದುಕೊಳ್ಳಿ, ರೆಸಿಸ್ಟರ್ ಆಯ್ಕೆ ನಿಂತಿರುವುದು ಇದರ ಮೇಲೆಯೇ.

ನ್ಯಾನೊಗೆ ರೆಸಿಸ್ಟೆನ್ಸ್ ಅಳೆಯಲು ಬರುವುದಿಲ್ಲ, ಅದು ಓದುವುದು ವೋಲ್ಟೇಜನ್ನು. ಆದ್ದರಿಂದ 5 ವೋಲ್ಟ್ ಪಿನ್ನಿನಿಂದ ರೆಸಿಸ್ಟರ್, ಅದರ ತುದಿಗೆ ದಾರ, ದಾರದ ಇನ್ನೊಂದು ತುದಿ ಗ್ರೌಂಡಿಗೆ. ಎರಡೂ ಸೇರುವ ಜಾಗದಿಂದ ಒಂದು ವೈರು ವೋಲ್ಟೇಜ್ ಓದುವ ಎ0 ಪಿನ್ನಿಗೆ. ಅಲ್ಲಿನ 0ಯಿಂದ 5 ವೋಲ್ಟನ್ನು ನ್ಯಾನೊ 0ಯಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ. ಕೈಗೆ ಸಿಕ್ಕಿತೆಂದು 10 ಕಿಲೊ ಓಮ್ ರೆಸಿಸ್ಟರ್ ಹಾಕಬೇಡಿ. ಉಸಿರಿಗೆ ದಾರ 1,500ರಿಂದ 1,600 ಓಮ್‌ಗೆ ಏರಿತೆನ್ನಿ. 10 ಕಿಲೊ ಇದ್ದರೆ ನ್ಯಾನೊ ಓದುವ ಅಂಕಿ 133ರಿಂದ 141ಕ್ಕೆ ಹೋಗುತ್ತದೆ, ಅಷ್ಟೆ. ದಾರದಷ್ಟೇ ರೆಸಿಸ್ಟೆನ್ಸಿನ 1.5 ಕಿಲೊ ಹಾಕಿದರೆ 511ರಿಂದ 528. ಗೆರೆಯ ಎತ್ತರ ದುಪ್ಪಟ್ಟು.

ಇನ್ನು ಹೊಲಿಗೆ. ನನ್ನ ಪ್ರಕಾರ ಇಲ್ಲಿ ನಿಜವಾದ ಕೈಚಳಕ ಬೇಕಿರುವುದು ಇದಕ್ಕೇ, ಪ್ರೋಗ್ರಾಮಿಗಲ್ಲ. ಪಟ್ಟಿಯಲ್ಲಿ ಹಿಗ್ಗುವುದು ರಬ್ಬರ್ ಒಂದೇ ಆಗಿರಬೇಕು. ಪಟ್ಟಿಗೆ ನವಾರ ಬಳಸುವುದು ಅದಕ್ಕೇ; ಎಲಾಸ್ಟಿಕ್ ಹಾಕಿದರೆ ಹಿಗ್ಗನ್ನೆಲ್ಲ ಅದೇ ನುಂಗಿಬಿಡುತ್ತದೆ. ರಬ್ಬರಿಗೆ ಬೆಸುಗೆ ಕೂರದು. ವೈರಿನ ಸಿಪ್ಪೆ ಸುಲಿದು, ತಾಮ್ರದ ಎಳೆಗಳನ್ನು ದಾರದ ತುದಿಗೆ ಸುತ್ತಿ, ಕ್ರಿಂಪ್ ಲಗ್ (ಒತ್ತಿ ಬಿಗಿಸುವ ಲೋಹದ ಕೊಳವೆ) ಹಾಕಿ ಇಕ್ಕಳದಿಂದ ಒತ್ತಿ. ಈ ಜಾಗ ಸಡಿಲವಾದರೆ ಗ್ರಾಫ್ ಮೇಲಕ್ಕೂ ಕೆಳಕ್ಕೂ ನೆಗೆದಾಡುತ್ತದೆ, ತಪ್ಪು ಎಲ್ಲಿದೆಯೆಂದು ಪ್ರೋಗ್ರಾಮಿನಲ್ಲಿ ಹುಡುಕುತ್ತಾ ಕೂರುತ್ತೀರಿ. ಪಟ್ಟಿಯನ್ನು ಅಂಗಿಯ ಮೇಲೆ, ಎದೆಗೂಡಿನ ಕೆಳಭಾಗಕ್ಕೆ, ಉಸಿರು ಪೂರ್ತಿ ಬಿಟ್ಟಾಗಲೂ ರಬ್ಬರ್ ತುಸು ಬಿಗಿಯಾಗಿರುವಂತೆ ಕಟ್ಟಿ. ಮೈಮೇಲಿರುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿಡಿ, ಬ್ಯಾಟರಿಯಲ್ಲೇ ನಡೆಯಲಿ.

ಪ್ರೋಗ್ರಾಮ್ ನಾಲ್ಕಾರು ಸಾಲಿನದು. 20 ಮಿಲಿಸೆಕೆಂಡಿಗೊಮ್ಮೆ ಎ0 ಓದಿ, ಹತ್ತು ಓದುಗಳ ಸರಾಸರಿ ತೆಗೆದು, ಸೀರಿಯಲ್ ಪೋರ್ಟಿಗೆ, ಅಂದರೆ ಯುಎಸ್‌ಬಿ ವೈರಿನ ಮೂಲಕ ಲ್ಯಾಪ್‌ಟಾಪಿಗೆ, ಕಳಿಸುವುದು. ಸರಾಸರಿಯಿಂದ ಗೆರೆಯ ನಡುಕ ತಗ್ಗುತ್ತದೆ. ಇನ್ನೊಂದು ಲಾಭವೂ ಇದೆ: ಬೋರ್ಡಿಗೆ ಪ್ರೋಗ್ರಾಮ್ ಬರೆದು ಏರಿಸುವ ತಂತ್ರಾಂಶ ಆರ್ಡುಯಿನೊ ಐಡಿಇ 2. ಬಂದ ಅಂಕಿಗಳನ್ನು ಗೆರೆಯಾಗಿ ತೋರಿಸುವ ಅದರ ಸೀರಿಯಲ್ ಪ್ಲಾಟರ್ ಒಮ್ಮೆಗೆ 50 ಬಿಂದುಗಳನ್ನಷ್ಟೇ ತೋರಿಸುತ್ತದೆ. 20 ಮಿಲಿಸೆಕೆಂಡಿಗೊಂದು ಕಳಿಸಿದರೆ ಪರದೆಯಲ್ಲಿ ಬರೀ ಒಂದು ಸೆಕೆಂಡ್; ಹತ್ತರ ಸರಾಸರಿಯನ್ನಷ್ಟೇ ಕಳಿಸಿದರೆ 10 ಸೆಕೆಂಡ್, ಅಂದರೆ ಎರಡು ಮೂರು ಉಸಿರು. ಪ್ಲಾಟರ್ ತನ್ನ ಅಳತೆಪಟ್ಟಿಯನ್ನು ತಾನೇ ಬದಲಿಸುತ್ತಾ ಕಿರಿಕಿರಿ ಮಾಡುತ್ತದೆ. ಪ್ರತಿ ಸಾಲಿನಲ್ಲೂ ಓದಿನ ಜೊತೆ ಅಲ್ಪವಿರಾಮ ಹಾಕಿ 480, 580 ಎಂಬ ಎರಡು ಸ್ಥಿರ ಅಂಕಿಗಳನ್ನೂ ಕಳಿಸಿದರೆ ಆ ಕಾಟ ತಪ್ಪುತ್ತದೆ. ನಿಮ್ಮ ಓದು ಬೇರೆಯಿದ್ದರೆ ಅಂಕಿಗಳನ್ನೂ ಬದಲಿಸಿ. ಅಗ್ಗದ ನ್ಯಾನೊಗಳಿಗೆ ಪ್ರೋಗ್ರಾಮ್ ಏರದಿದ್ದರೆ ಐಡಿಇಯ ಪ್ರೊಸೆಸರ್ ಮೆನುವಿನಲ್ಲಿ ‘ಓಲ್ಡ್ ಬೂಟ್‌ಲೋಡರ್’ ಆರಿಸಿ ನೋಡಿ.

ಪಟ್ಟಿ ಕಟ್ಟಿದ ಹೊಸದರಲ್ಲಿ ಗೆರೆ ನಿಧಾನವಾಗಿ ಜಾರುತ್ತಿರುತ್ತದೆ. ಎಳೆದ ರಬ್ಬರ್ ಕೂಡಲೇ ಒಂದು ಸ್ಥಿತಿಗೆ ನಿಲ್ಲುವುದಿಲ್ಲ. ಕೆಲ ನಿಮಿಷ ಬಿಟ್ಟು ಉಸಿರು ಎಣಿಸಿ: ಸುಮ್ಮನೆ ಕುಳಿತ ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 20 ಸಾಮಾನ್ಯ. ಎಣಿಕೆಗೆ ಇದು ಸಾಕು, ರೋಗ ಪತ್ತೆಗೆ ಆಗದು. ಆಮೇಲೆ ಯಾವುದಾದರೂ ಪುಟವನ್ನು ಜೋರಾಗಿ ಓದಿ. ಸಮನಾಗಿದ್ದ ಅಲೆ ಕೂಡಲೇ ರೂಪ ಬದಲಿಸುತ್ತದೆ: ಸರಕ್ಕನೆ ಏರಿಕೆ, ವಾಕ್ಯ ಮುಗಿಯುವವರೆಗೂ ಉದ್ದದ ಇಳಿಜಾರು.