ಬೆಳಿಗ್ಗೆ ಆನ್ ಆಗಲ್ಲ, ಬಿಸಿಲೇರಿದ್ಮೇಲೆ ಆಗುತ್ತೆ: ಕೋಲಾರದ ಮಂಡಿ ಕಂಪ್ಯೂಟರ್, ನನ್ನ ಅನುಭವ

ಕಂಪ್ಯೂಟರ್ ಆನ್ ಆಗ್ತಿಲ್ಲ ಅಂತ ಯಾರಾದ್ರೂ ಫೋನ್ ಮಾಡಿದ್ರೆ ನಾನು ಮೊದಲು ಕೇಳೋದು, ಬಟನ್ ಒತ್ತಿದ್ರೆ ಫ್ಯಾನ್ ತಿರುಗುತ್ತಾ ಇಲ್ವಾ ಅಂತ. ಫ್ಯಾನ್ ತಿರುಗಿ ಸ್ಕ್ರೀನ್ ಬರ್ಲಿಲ್ಲ ಅಂದ್ರೆ ರ‍್ಯಾಮ್ ಕಿತ್ತು ಒರೆಸಿ ಹಾಕೋದ್ರಿಂದ ಶುರು ಮಾಡ್ಬೋದು, ಆದ್ರೆ ಫ್ಯಾನೂ ಇಲ್ಲ ಸದ್ದೂ ಇಲ್ಲ ಅಂದ್ರೆ ರ‍್ಯಾಮ್ ತಂಟೆಗೆ ಹೋಗೋ ಮುಂಚೆ ಗೋಡೆಯಿಂದ ಹೊರಟ ಕರೆಂಟು ಎಲ್ಲಿವರೆಗೂ ಬಂದು ನಿಂತಿದೆ ಅಂತ ಹುಡುಕ್ಬೇಕು. ಇದನ್ನ ಮಾಡ್ದೆ ನೇರವಾಗಿ ಮದರ್‌ಬೋರ್ಡ್, ಅಂದ್ರೆ ಎಲ್ಲ ಭಾಗ ಕೂರಿಸೋ ಮುಖ್ಯ ಬೋರ್ಡು, ಹೋಗಿದೆ ಅನ್ನೋರು ಬಹಳ ಜನ, ದುಡ್ಡು ಕಳ್ಕೊಳೋರು ಪಾಪ ಗಿರಾಕಿಗಳು.

ಕೋಲಾರ ಎಪಿಎಂಸಿಲಿ ಒಂದು ಟೊಮೆಟೊ ಮಂಡಿದು ಹಾಗೇ ಆಗಿತ್ತು. ಡಿಸೆಂಬರ್ ಚಳಿ. ಮಂಡಿ ಓನರ್ ಹೇಳಿದ್ದು ಇಷ್ಟು, "ಬೆಳಿಗ್ಗೆ ಎಷ್ಟ್ ಒತ್ತಿದ್ರೂ ಆನ್ ಆಗಲ್ಲಣ್ಣ, ಬಿಸಿಲು ಬಂದ್ಮೇಲೆ ತಾನಾಗೇ ಆಯ್ತದೆ. ಹರಾಜು ಮುಗಿಯೋ ಹೊತ್ಗೆ ಬಿಲ್ ಬೇಕು, ರೈತರು ನಿಂತ್ಕೊಂಡಿರ್ತಾರೆ." ಮುಂಚೆ ನೋಡಿದ್ದ ಒಬ್ರು ಮದರ್‌ಬೋರ್ಡ್ ಹೋಗಿದೆ, ಹೊಸ ಸೆಟ್ಟೇ ತಗೊಳ್ಳಿ ಅಂದಿದ್ರಂತೆ. ನನಗೆ ಆ ಬಿಸಿಲಿನ ಮಾತೇ ಕಿವೀಲಿ ಉಳ್ಕೊಂಡಿತು, ಹೊತ್ತು ನೋಡ್ಕೊಂಡು ಬರೋ ತೊಂದರೆ ಅಂದ್ರೆ ಅದಕ್ಕೊಂದು ಕಾರಣ ಇದ್ದೇ ಇರುತ್ತೆ. ಮಧ್ಯಾಹ್ನ ಹೋದ್ರೆ ಅದು ಸರಿಯಾಗೇ ಇರುತ್ತೆ ಅಂತ ಬೆಳಗಿನ ಜಾವನೇ ಹೋದೆ.

ಎಕ್ಸ್‌ಟೆನ್ಶನ್ ಬಾಕ್ಸಿಗೆ ಫೋನ್ ಚಾರ್ಜರ್ ಹಾಕಿ ನೋಡಿದೆ, ಚಾರ್ಜ್ ಆಯ್ತು. ಪವರ್ ಕಾರ್ಡ್ ಬದಲಾಯಿಸಿದೆ, ಎಸ್‌ಎಂಪಿಎಸ್, ಅಂದ್ರೆ ಗೋಡೆ ಕರೆಂಟನ್ನ ಕಂಪ್ಯೂಟರಿಗೆ ಬೇಕಾದ ಕಮ್ಮಿ ವೋಲ್ಟಿಗೆ ಇಳಿಸೋ ಡಬ್ಬ, ಅದರ ಹಿಂದಿನ ಸ್ವಿಚ್ ಆನ್ ಇತ್ತು. ಮುಂದಿನ ಬಟನ್ನೇ ಕೆಟ್ಟಿರ್ಬೋದು ಅಂತ ಕ್ಯಾಬಿನೆಟ್ ಬಿಚ್ಚಿ, ಬೋರ್ಡಲ್ಲಿ ಪವರ್ ಸ್ವಿಚ್ಚಿನ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿ ಒಂದು ಕ್ಷಣ ತಾಗಿಸಿದೆ, ಆಗ್ಲೂ ಏನಿಲ್ಲ. ಆದ್ರೆ ಬೋರ್ಡ್ ಮೇಲಿನ ಪುಟ್ಟ ಹಸಿರು ಎಲ್‌ಇಡಿ ಉರೀತಿತ್ತು. ಬಹಳ ಜನ ಎಡವೋದು ಇಲ್ಲೇ. ಎಲ್‌ಇಡಿ ಇದೆ, ಅಂದ್ರೆ ಎಸ್‌ಎಂಪಿಎಸ್ ಚೆನ್ನಾಗಿದೆ, ಬೋರ್ಡೇ ಹೋಗಿರೋದು ಅಂತ ತೀರ್ಮಾನ ಮಾಡಿಬಿಡ್ತಾರೆ. ಎಲ್‌ಇಡಿ ಉರಿಯೋಕೆ ಎರಡು ಮೂರು ವೋಲ್ಟ್ ಸಾಕು ಸ್ವಾಮಿ, ಬೋರ್ಡ್ ಎಚ್ಚರ ಆಗೋಕೆ ಅಷ್ಟು ಸಾಲಲ್ಲ.

ಎಸ್‌ಎಂಪಿಎಸ್ ಒಳಗೆ ಸ್ಟ್ಯಾಂಡ್‌ಬೈ ಅಂತ ಒಂದು ಸಣ್ಣ ಸಪ್ಲೈ ಇರುತ್ತೆ, ಕಂಪ್ಯೂಟರ್ ಆಫ್ ಇದ್ರೂ ಗೋಡೆ ಸ್ವಿಚ್ ಆನ್ ಇರೋವರೆಗೂ ಅದು 5 ವೋಲ್ಟ್ ಕೊಡ್ತಾನೇ ಇರುತ್ತೆ, ಬೋರ್ಡಿಗೆ ಹೋಗೋ 24 ಪಿನ್ ಕನೆಕ್ಟರಲ್ಲಿ ನೇರಳೆ ವೈರು, 9ನೇ ಪಿನ್ನು. ನಾವು ಬಟನ್ ಒತ್ತಿದಾಗ ಬೋರ್ಡು ಈ 5 ವೋಲ್ಟಲ್ಲೇ ಕೆಲಸ ಮಾಡಿ ಹಸಿರು ವೈರನ್ನ, ಅಂದ್ರೆ 16ನೇ ಪಿನ್ನನ್ನ, ಗ್ರೌಂಡಿಗೆ (ಕಪ್ಪು ವೈರು, ಸೊನ್ನೆ ವೋಲ್ಟು) ಎಳೆಯುತ್ತೆ, ಆಗ ಮಾತ್ರ 12 ವೋಲ್ಟು, 3.3 ವೋಲ್ಟು ಎಲ್ಲ ಹೊರಡೋದು. ನೇರಳೇಲಿ 4.75ರಿಂದ 5.25ರ ಒಳಗೆ ಇರ್ಬೇಕು.

ಕನೆಕ್ಟರ್ ಬಿಚ್ಚಿ ನೇರಳೆ ವೈರನ್ನ ಮಲ್ಟಿಮೀಟರಲ್ಲಿ ಅಳೆದೆ, 4.9 ವೋಲ್ಟ್ ತೋರಿಸ್ತು. ಎಷ್ಟೋ ಜನ ಇಲ್ಲಿಗೇ ಬಿಟ್ಟುಬಿಡ್ತಾರೆ, ನಾನು ಕನೆಕ್ಟರ್ ವಾಪಸ್ ಬೋರ್ಡಿಗೆ ಹಾಕಿ, ಮೀಟರಿನ ಕೆಂಪು ಕಡ್ಡಿನ ನೇರಳೆ ವೈರಿನ ಬೆನ್ನಿಂದ ತೂರಿಸಿ, ಕಪ್ಪು ಕಡ್ಡಿನ ಕ್ಯಾಬಿನೆಟ್ಟಿನ ತಗಡಿಗೆ ಇಟ್ಟು ನೋಡಿದೆ. 3.9! ಲೋಡ್ ಬಿದ್ದ ತಕ್ಷಣ, ಅಂದ್ರೆ ಬೋರ್ಡು ಕರೆಂಟ್ ಎಳೆಯೋಕೆ ಶುರು ಮಾಡಿದ ತಕ್ಷಣ, ಒಂದು ವೋಲ್ಟ್ ಕುಸೀತಿತ್ತು. ಗೋಡೆ ಸ್ವಿಚ್ ಆನಲ್ಲೇ ಬಿಟ್ಟು, ಟೀ ಕುಡ್ಕೊಂಡು ಮೀಟರ್ ನೋಡ್ತಾ ಕೂತೆ, 4.1 ಆಯ್ತು, 4.3 ಆಯ್ತು, ನಿಧಾನಕ್ಕೆ ಏರ್ತಾನೇ ಇತ್ತು, 4.7 ಹತ್ರ ಬಂದಾಗ ಬಟನ್ ಒತ್ತಿದೆ, ಫ್ಯಾನ್ ತಿರುಗ್ತು.

ಆ ಸ್ಟ್ಯಾಂಡ್‌ಬೈ ಸಪ್ಲೈನಲ್ಲಿರೋ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ (ಕರೆಂಟ್ ಕೂಡಿಟ್ಟು ವೋಲ್ಟ್ ಸಮವಾಗಿಡೋ, ಒಳಗೆ ದ್ರವ ಇರೋ ಬಿಡಿಭಾಗ) ಹಳೇದಾಗಿ ಒಣಗಿದಾಗ ಅದರ ಒಳಗಿನ ರೆಸಿಸ್ಟೆನ್ಸ್ ಏರುತ್ತೆ, ಚಳೀಲಿ ಇನ್ನೂ ಜಾಸ್ತಿ, ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗಿ ಬಿಸಿಲಿಗಿಟ್ರೆ ಕರಗುತ್ತಲ್ಲ ಹಾಗೆ, ಬೆಚ್ಚಗಾದ್ಮೇಲೆ ಒಂದಷ್ಟು ಸರಿಹೋಗುತ್ತೆ. ಮಂಡಿಲಿ ದಿನಾ ರಾತ್ರಿ ಮೇನ್ ಆಫ್ ಮಾಡಿ ಹೋಗ್ತಾರೆ, ಕರೆಂಟು ಏರುಪೇರು ಆಗುತ್ತೆ ಅಂತ, ಅದು ಒಳ್ಳೇ ಅಭ್ಯಾಸನೇ. ಆದ್ರೆ ಅದರಿಂದ ಕೆಪಾಸಿಟರ್ ರಾತ್ರಿಯೆಲ್ಲ ತಣ್ಣಗಾಗ್ತಿತ್ತು. ಯಾವಾಗ್ಲೂ ಸ್ವಿಚ್ ಆನಲ್ಲೇ ಇರೋ ಆಫೀಸುಗಳಲ್ಲಿ ಇದೇ ಕಾಯಿಲೆ ತಿಂಗಳುಗಟ್ಟಲೆ ಗೊತ್ತಾಗಲ್ಲ, ಒಂದು ದಿನ ರಾತ್ರಿಯೆಲ್ಲ ಕರೆಂಟ್ ಹೋಗಿ ಬಂದಾಗ "ನಿನ್ನೆವರೆಗೂ ಚೆನ್ನಾಗಿತ್ತು" ಅಂತಾರೆ.

ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸಿಗಿಸಿ ಫ್ಯಾನ್ ತಿರುಗಿದ್ರೆ ಎಸ್‌ಎಂಪಿಎಸ್ ಓಕೆ ಅನ್ನೋ ಟೆಸ್ಟನ್ನ ನಾನು ಪೂರ್ತಿ ನಂಬಲ್ಲ, ಫ್ಯಾನ್ ತಿರುಗಿದ್ರೆ ಅದು ಏಳುತ್ತೆ ಅಂತ ಗೊತ್ತಾಗುತ್ತೆ, ಲೋಡ್ ಹೊರುತ್ತಾ ಅಂತ ಗೊತ್ತಾಗಲ್ಲ. ಇನ್ನೊಂದು, ಕೆಲವು ಬ್ರ್ಯಾಂಡೆಡ್ ಡೆಸ್ಕ್‌ಟಾಪಲ್ಲಿ ಕನೆಕ್ಟರೇ ಬೇರೆ, ಬಣ್ಣ ನೋಡ್ಕೊಂಡು ಕ್ಲಿಪ್ ಹಾಕೋಕೆ ಹೋಗ್ಬೇಡಿ.

ಮಾರನೇ ಬೆಳಿಗ್ಗೆ ಅದೇ ಚಳೀಲಿ ನನ್ನ ಹತ್ರ ಇದ್ದ ಒಳ್ಳೇ ಎಸ್‌ಎಂಪಿಎಸ್ ಹಾಕಿದೆ, ಮೊದಲ ಒತ್ತಿಗೇ ಆನ್. ಬೋರ್ಡಿಗೆ ಏನೂ ಆಗಿರ್ಲಿಲ್ಲ. ಹಳೇದ್ರ ಜಾಲರಿ ಒಳಗೆ ಟಾರ್ಚ್ ಬಿಟ್ರೆ ಒಂದು ಸಣ್ಣ ಕೆಪಾಸಿಟರ್ ತಲೆ ಉಬ್ಬಿರೋದು ಕಾಣ್ತಿತ್ತು. ಅದೊಂದನ್ನೇ ಬದಲಾಯಿಸ್ಬೋದಲ್ಲ ಅಂತ ಓನರ್ ಕೇಳಿದ್ರು, ಬೇಡ ಅಂದೆ. ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟ್ ಮೇಲೆ ಉಳಿದಿರ್ಬೋದು, ಅದರ ಕೆಲಸ ಕಲಿತವರಲ್ಲದೆ ಇನ್ಯಾರೂ ಆ ಡಬ್ಬ ಬಿಚ್ಚಬಾರದು, ಮತ್ತೆ ಒಂದು ಹೋಗಿದ್ರೆ ಅದೇ ವಯಸ್ಸಿನ ಉಳಿದವೂ ಸಾಲಾಗಿ ಹೋಗ್ತವೆ.

ಓನರಿಗೆ ಇದ್ದ ದೊಡ್ಡ ಭಯ ರೈತರ ಲೆಕ್ಕ ಎಲ್ಲಿ ಹೋಗಿಬಿಡುತ್ತೋ ಅಂತ. ಆನ್ ಆಗದೇ ಇರೋದಕ್ಕೂ ಹಾರ್ಡ್ ಡಿಸ್ಕಲ್ಲಿರೋ ಲೆಕ್ಕಕ್ಕೂ ಸಂಬಂಧ ಇಲ್ಲ, ಇದಕ್ಕೆ ಫಾರ್ಮ್ಯಾಟ್ ಮಾಡ್ತೀನಿ ಅಂದ್ರೆ ಯಾರಿಗೂ ಬಿಡ್ಬೇಡಿ ಅಂದೆ. ಹೊಸ ಎಸ್‌ಎಂಪಿಎಸ್ ಹಾಕಿ ಆನ್ ಮಾಡಿ ಲೆಕ್ಕ ತೆರೆದು ನೋಡಿದ್ರೆ ಎಲ್ಲ ಹಾಗೇ ಇತ್ತು, ತಾರೀಖು ಮಾತ್ರ ತಪ್ಪಿತ್ತು. ದಿನಾ ಮೇನ್ ಆಫ್ ಆದಾಗ ಗಡಿಯಾರ ನಡೆಯೋದು ಬೋರ್ಡ್ ಮೇಲಿನ ಸಿಆರ್ 2032 ಸೆಲ್ಲಲ್ಲಿ, 3 ವೋಲ್ಟಿನ ಆ ಸೆಲ್ಲು 2.4ಕ್ಕೆ ಇಳಿದಿತ್ತು. ಅದನ್ನೂ ಬದಲಾಯಿಸಿ, ಆನ್ ಆಗುವಾಗ ಮೊದಲು ಬರೋ ಬಯೋಸ್ ಸೆಟ್ಟಿಂಗಲ್ಲಿ ತಾರೀಖು ಸರಿ ಮಾಡಿ, ಒಂದು ಬಿಲ್ ಪ್ರಿಂಟ್ ತೆಗೆಸಿ ನೋಡಿ ಬಂದೆ.