ಅರ್ಧ ತೊಲದ ಹಟ ಬಿಟ್ಟ ಮೇಲೆ

2024ರ ಫೆಬ್ರುವರಿ. ನನ್ನ ನಿಶ್ಚಿತಾರ್ಥಕ್ಕೆ ಇಪ್ಪತ್ತು ದಿನ ಉಳಿದಿತ್ತು. ಕೈಯಲ್ಲಿದ್ದದ್ದು 25,000 ರೂಪಾಯಿ, ಜೊತೆಗೆ ಅವ್ವನ ಪೆಟ್ಟಿಗೆಯಲ್ಲಿ ಒಂಟಿಯಾಗಿ ಉಳಿದಿದ್ದ ಒಂದು ಬೆಂಡೋಲೆ. ಇಷ್ಟರಲ್ಲಿ ಎರಡು ಉಂಗುರ ಆಗಬೇಕಿತ್ತು. ನಮ್ಮ ಮನೆಗಳಲ್ಲಿ ಹುಡುಗನ ಉಂಗುರ ಹೆಣ್ಣಿನವರದು, ಹುಡುಗಿಯದು ಗಂಡಿನವರದು. ಆ ಲೆಕ್ಕ ಹಿಡಿದು ಹೊರಟರೆ ಒಬ್ಬರಿಗಿಂತ ಒಬ್ಬರು ಹೆಚ್ಚು ತೂಗಿಸಲು ಹೋಗಿ ಎರಡೂ ಮನೆಗಳಿಗೆ ಸಾಲ ಹತ್ತುತ್ತದೆ. ಹುಡುಗ, ನಾನು ಇಬ್ಬರೂ ದುಡಿಯುವವರು, ಹಣ ಕೂಡಿಸಿ ಒಂದೇ ಅಂಗಡಿಯಲ್ಲಿ ಕೊಳ್ಳೋಣ ಎಂದು ಮಾತಾಡಿಕೊಂಡೆವು.

ರಾಯಚೂರಿನ ದೊಡ್ಡ ಅಂಗಡಿಯೊಂದಕ್ಕೆ ಮೊದಲು ಹೋದೆವು. ಅಂದು 22 ಕ್ಯಾರೆಟ್ ಬಂಗಾರ ಗ್ರಾಂಗೆ 5,800ರ ಆಸುಪಾಸಿನಲ್ಲಿತ್ತು. (ಹಟ್ಟಿಯಲ್ಲಿ ಬಂಗಾರ ಬಗೆಯುವ ಜಿಲ್ಲೆ ನಮ್ಮದು, ಆದರೂ ದರದಲ್ಲಿ ನಮಗೇನೂ ರಿಯಾಯಿತಿ ಇಲ್ಲ.) ಅವರು ತೋರಿಸಿದ ಐದು ಗ್ರಾಂ ಉಂಗುರಕ್ಕೆ ಬಂಗಾರದ ಬೆಲೆ 29,000, ಮಜೂರಿ ಶೇ 18ರಂತೆ 5,220, ಮೇಲೆ ಶೇ 3 ಜಿಎಸ್‌ಟಿ. ಒಟ್ಟು 35,247. ಅದೂ ಒಂದೇ ಉಂಗುರಕ್ಕೆ! ನನಗೆ ಕುಟುಕಿದ್ದು ಆ 5,220. ಮುಂದೆಂದಾದರೂ ಉಂಗುರ ಮಾರಿದರೆ ಬಂಗಾರದ ಹಣ ಬರುತ್ತದೆ, ಮಜೂರಿ ಬರುವುದಿಲ್ಲ. ದರದಲ್ಲಿ ಚೌಕಾಸಿ ನಡೆಯದು, ಮಜೂರಿಯಲ್ಲಿ ನಡೆಯುತ್ತದೆ. ಕೆತ್ತನೆ, ಹರಳು ಹೆಚ್ಚಿದಷ್ಟೂ ಅದು ಏರುತ್ತದೆ. ಹರಳಿನ ಉಂಗುರ ಕೊಳ್ಳುವವರು ಹರಳು ಬಿಟ್ಟು ಬಂಗಾರದ ತೂಕವೆಷ್ಟು ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಇಲ್ಲವಾದರೆ ಕಲ್ಲಿಗೂ ಬಂಗಾರದ ಬೆಲೆ ಕೊಟ್ಟಂತೆ.

ಬೆಂಡೋಲೆಯನ್ನು ಆ ಅಂಗಡಿಯವರು ಬರಿಗಣ್ಣಿನಲ್ಲಿ ನೋಡಿಯೇ ಶೇ 30 ಕಳೆಯುತ್ತೇವೆ ಎಂದರು. ಅವ್ವ ಅದನ್ನು ಸೆರಗಿನ ಗಂಟಿಗೆ ವಾಪಸ್ ಕಟ್ಟಿಕೊಂಡಳು.

ಎರಡನೆಯದು ಅಪ್ಪನಿಗೆ ಪರಿಚಯವಿದ್ದ ಪತ್ತಾರರ ಸಣ್ಣ ಅಂಗಡಿ. ಅವರು ಬೆಂಡೋಲೆಯನ್ನು ನಮ್ಮೆದುರೇ ಕರಗಿಸಿ, ಯಂತ್ರದಲ್ಲಿ ಪರೀಕ್ಷೆ ಮಾಡಿಸಿದರು: ಮೂರು ಗ್ರಾಂ, ಶುದ್ಧತೆ ಶೇ 84. 22 ಕ್ಯಾರೆಟ್ ಎಂದರೆ ಶೇ 91.6 ಇರಬೇಕು. ಹಳೆಯ ಒಡವೆಯಲ್ಲಿ ಬೆಸುಗೆ ಹೆಚ್ಚು, ಹಾಗಾಗಿ ಇಳಿಯಿತು ಎಂದರು. ಆದರೂ 15,950 ರೂಪಾಯಿ ಜಮೆಯಾಯಿತು.

ಇನ್ನು ತೂಕದ ಜಗಳ. ಹುಡುಗನ ಸೋದರಮಾವ, "ಅರ್ಧ ತೊಲಕ್ಕಿಂತ ಕಡಿಮೆ ಇದ್ದರೆ ಅದನ್ನು ಉಂಗುರ ಎನ್ನುತ್ತಾರೆಯೇ?" ಎಂದು ಪಟ್ಟು ಹಿಡಿದರು. ಹುಡುಗ ಶಕ್ತಿನಗರದಲ್ಲಿ ಎಲೆಕ್ಟ್ರಿಷಿಯನ್. "ಮಾಮಾ, ಕರೆಂಟಿನ ಕೆಲಸಕ್ಕೆ ಇಳಿಯುವಾಗ ಉಂಗುರ ತೆಗೆದಿಡಲೇಬೇಕು. ಹಗಲೆಲ್ಲ ಡಬ್ಬಿಯಲ್ಲಿರುವ ಉಂಗುರ ಎಷ್ಟು ತೂಗಿದರೇನು?" ಎಂದರು. ಮಾವ ಎಲೆಯಡಿಕೆ ಹಾಕಿಕೊಂಡು ಸುಮ್ಮನಾದರು.

ಕೊನೆಗೆ ಎರಡೂ ಸಾದಾ ಬಳೆಯಾಕಾರದವು: ಅವರದು 3.5 ಗ್ರಾಂ, ನನ್ನದು 2.2. ನನ್ನದನ್ನು ಎರಡು ಗ್ರಾಂಗಿಂತ ಕೆಳಗೆ ಇಳಿಸಬಹುದಿತ್ತು, ನಾನೇ ಬೇಡವೆಂದೆ. ಎರಡು ಗ್ರಾಂ ಒಳಗಿನ ಒಡವೆಗೆ ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಮುದ್ರೆ, ಕಡ್ಡಾಯವಿಲ್ಲ; ಗುರುತಿಲ್ಲದ ಬಂಗಾರದ ಪಾಡು ಬೆಂಡೋಲೆಯಲ್ಲಿ ಆಗಲೇ ಕಂಡಿದ್ದೆವು. ಉಂಗುರದ ಒಳಮೈಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, 22ಕೆ916 ಮತ್ತು ಎಚ್‌ಯುಐಡಿ, ಅಂದರೆ ಆ ಒಡವೆಗೆ ಮಾತ್ರ ಸೇರಿದ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಇರುತ್ತವೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ, ಹೊಂದಿದ ಮೇಲೆಯೇ ಹಣ ಎಣಿಸಿದೆವು.

5.7 ಗ್ರಾಂಗೆ 33,060, ಮಜೂರಿ ಚೌಕಾಸಿ ಮಾಡಿ ಶೇ 8ಕ್ಕೆ ಇಳಿದು 2,645, ಜಿಎಸ್‌ಟಿ 1,071, ಎರಡಕ್ಕೂ ಸೇರಿ ಹಾಲ್‌ಮಾರ್ಕ್ ಶುಲ್ಕ 106. ಬೆಂಡೋಲೆಯ ಹಣ ಕಳೆದು ನಾವು ಕೊಟ್ಟದ್ದು 20,932. ಉಳಿದದ್ದರಲ್ಲಿ ಬೆಳ್ಳಿಯ ಕಾಲುಂಗುರಗಳೂ ಬಂದವು.

ಒಂದು ತಪ್ಪು ಮಾಡಿದೆ. ಬೆರಳಿನ ಅಳತೆ ಕೊಟ್ಟದ್ದು ಫೆಬ್ರುವರಿಯ ತಣ್ಣನೆಯ ಬೆಳಿಗ್ಗೆ. ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲು ಏರಿದಾಗ ಬೆರಳು ಊದಿ, ಸೋಪು ಹಚ್ಚಿದರೂ ಉಂಗುರ ಗೆಣ್ಣು ದಾಟಲು ಹೆಣಗಿತು. ಸಂಜೆಯ ಹೊತ್ತು ಅಳತೆ ಕೊಡಬೇಕಿತ್ತು. ಪತ್ತಾರರು ಅದನ್ನು ಅಳತೆಯ ಕೋಲಿಗೆ ಏರಿಸಿ, ಮರದ ಸುತ್ತಿಗೆಯಿಂದ ಸುತ್ತಲೂ ತಟ್ಟಿ ಹಿಗ್ಗಿಸಿಕೊಟ್ಟರು. "ಸುತ್ತ ಹರಳು ಇದ್ದಿದ್ದರೆ ಒಂದೊಂದೇ ಆರಿಸಿಕೊಂಡು ಹೋಗಬೇಕಿತ್ತು, ತಂಗಿ" ಎಂದು ನಕ್ಕರು. ಕಾಸು ಕೇಳಲಿಲ್ಲ.